ಮಾವನ ಟಾರ್ಚು, ನನ್ನ ಆಯ್ಕೆ

ನನಗೊಂದು ಅಹಂಕಾರವಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳಲು ಸುಲಭ. ಸಾಮಾನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬಂಧುಬಳಗದಲ್ಲಿ ಯಾರೂ ಇಲ್ಲ ಎಂಬುದೇ ಆ ಅಹಂಕಾರ. ಯಾರ ಮನೆಗೆ ಮಿಕ್ಸಿ ಬೇಕಾದರೂ, ಫ್ಯಾನು ಬೇಕಾದರೂ ಮೊದಲು ನನಗೆ ಫೋನ್ ಬರುತ್ತದೆ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹಾಗಾಗಿ ವ್ಯಾಟು, ವೋಲ್ಟು ಎಂದು ನಾನು ಶುರುಮಾಡಿದರೆ ಎದುರಿನವರು ಸುಮ್ಮನೆ ತಲೆಯಾಡಿಸುತ್ತಾರೆ. ಒಮ್ಮೆ ನನ್ನ ನಾದಿನಿ ನಾನು ಹೇಳಿದ ಗ್ರೈಂಡರ್ ಬಿಟ್ಟು ಬೇರೆಯದನ್ನು ತೆಗೆದುಕೊಂಡಳು. ಅದು ಎರಡೇ ತಿಂಗಳಲ್ಲಿ ಕೈಕೊಟ್ಟಿತು. ಸುದ್ದಿ ಕೇಳಿ ನಾನು ಬಾಯಲ್ಲಿ "ಅಯ್ಯೋ ಪಾಪ" ಎಂದೆ. ಹೊಟ್ಟೆ ಎಷ್ಟು ತಂಪಾಯಿತೆಂದು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಇಂಥ ನನಗೆ ನೀರು ಕುಡಿಸಿದ್ದು ಒಂದು ಟಾರ್ಚು.

ಟಾರ್ಚು ಬೇಕಾಗಿದ್ದದ್ದು ನನ್ನ ಮಾವನಿಗೆ, ಅಂದರೆ ಗಂಡನ ತಂದೆಗೆ. ಹೆಸರು ಐತಪ್ಪ, ಪ್ರಾಯ ಎಂಬತ್ತೊಂದು. ನಮ್ಮ ಮನೆ ಇರುವುದು ಎಣ್ಮಕಜೆಯ ಕಡೆ, ಮುರಕಲ್ಲಿನ, ಎಂದರೆ ಕೆಂಪು ಜಂಬಿಟ್ಟಿಗೆಯ, ಗುಡ್ಡದ ಇಳಿಜಾರಿನಲ್ಲಿ. ಇಲ್ಲಿ ಬಾವಿ ತೋಡಿ ನೀರು ಕಾಣುವುದು ಕಷ್ಟ. ಅದಕ್ಕೆ ನಮ್ಮವರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಮಾವ ಇಂಥ ಸುರಂಗ ಕೊರೆಯುವುದನ್ನೇ ಕೆಲಸ ಮಾಡಿಕೊಂಡಿದ್ದವರು. ಸುತ್ತಲಿನ ಎಷ್ಟೋ ಮನೆಯವರು ಇಂದಿಗೂ ಅವರು ಹರಿಸಿಕೊಟ್ಟ ನೀರನ್ನೇ ಕುಡಿಯುತ್ತಾರೆ. ನಮ್ಮ ಮನೆಯ ಹಿಂದಿನ ಸುರಂಗವನ್ನಂತೂ ಮದುವೆಗೆ ಮೊದಲು ಒಬ್ಬರೇ ಪಿಕ್ಕಾಸು ಹಿಡಿದು ಎರಡು ಬೇಸಗೆ ಕೊರೆದರಂತೆ. ನೀರಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲವೆಂದು ಅತ್ತೆಯ ತಂದೆ ಹೇಳಿದ್ದರಂತೆ. ಅತ್ತೆ ಈಗಿಲ್ಲ, ಸುರಂಗ ಇದೆ. ದಿನಾ ಬೆಳಕು ಹರಿಯುವ ಮೊದಲೇ ಮಾವ ಎದ್ದು ಹೋಗಿ, ಸುರಂಗದ ಬಾಯಿಗೆ ಬಿದ್ದ ಎಲೆ ಕಸ ತೆಗೆದು, ನೀರು ಬೀಳುವ ಸದ್ದನ್ನು ಸ್ವಲ್ಪ ಹೊತ್ತು ನಿಂತು ಕೇಳಿ ಬರಬೇಕು. ಆಮೇಲೆಯೇ ಅವರಿಗೆ ಚಹಾ.

ಹೀಗಿರುವಾಗ ಒಂದು ದಿನ ದಾರಿಯ ಮೆಟ್ಟಿಲಲ್ಲಿ ಕಾಲು ಜಾರಿ ಮಂಡಿ ತರಚಿಸಿಕೊಂಡು ಬಂದರು. ಅವರ ಕೈಯಲ್ಲಿದ್ದದ್ದು ಹಳೆಯ ಸ್ಟೀಲಿನ ಟಾರ್ಚು. ಒಳಗೆ ಸ್ಪ್ರಿಂಗ್ ತುಕ್ಕು ಹಿಡಿದು, ಅಂಗೈಗೆ ನಾಲ್ಕು ಬಾರಿ ಬಡಿದರೆ ಒಮ್ಮೆ ಹೊತ್ತುತ್ತಿತ್ತು. ನನ್ನ ಗಂಡನಿಗೆ ವಿಲ್ಲೇಜ್ ಆಫೀಸಿನಲ್ಲಿ ಕೆಲಸ. ಮನೆಯಲ್ಲೂ ಅವರ ಮಾತು ನೋಟೀಸು ಅಂಟಿಸಿದ ಹಾಗೆಯೇ ಇರುತ್ತದೆ. "ಇನ್ನು ಮುಂದೆ ಬೆಳಕಾಗದೆ ಯಾರೂ ಸುರಂಗದ ಕಡೆ ಹೋಗ್ಲಿಕ್ಕಿಲ್ಲ" ಎಂದು ಆರ್ಡರ್ ಹೊರಡಿಸಿದರು. 'ಯಾರೂ' ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಮಾವ ಮರುದಿನ ಐದು ಗಂಟೆಗೆ ಎದ್ದು, ಜಗಲಿಯಲ್ಲಿ ಕುಳಿತು, ಆ ಕತ್ತಲೆಯನ್ನೇ ನೋಡುತ್ತಿದ್ದರು. ನಾನು ಚಹಾ ತಂದುಕೊಟ್ಟರೆ, "ನೋಡದೆ ಹೇಗೆ ಕುಡಿಯುದು ಮಗಾ" ಎಂದು ಲೋಟ ಬದಿಗಿಟ್ಟರು. ಗಂಡನ ಹತ್ತಿರ ಹೋಗಿ, "ಒಳ್ಳೆ ಟಾರ್ಚ್ ಇದ್ರೆ ಬಿಡ್ತೀರಾ?" ಎಂದು ಕೇಳಿದೆ. "ಅಪ್ಪನಿಗೆ ಬಳಸ್ಲಿಕ್ಕೆ ಬರುವಂಥದ್ದು ಸಿಕ್ಕಿದ್ರೆ ನೋಡುವ" ಎಂದರು. "ಅದು ನನಗೆ ಬಿಡಿ" ಎಂದೆ. ಈ ಮೂರು ಪದ ಹೇಳುವಾಗ ನನಗೆ ಎಷ್ಟು ಖುಷಿಯಾಗುತ್ತದೆಂದರೆ, ಟಾರ್ಚು ಆಗಲೇ ಕೈಗೆ ಬಂದ ಹಾಗಾಯಿತು.

ಮೊದಲನೆಯದನ್ನು ಮೊಬೈಲಿನಲ್ಲಿ ಎರಡು ದಿನ ಹುಡುಕಿ, ಎಲ್ಲರ ಅಭಿಪ್ರಾಯ ಓದಿ ತರಿಸಿದೆ. ಕೈಬೆರಳಿನಷ್ಟೇ ದಪ್ಪ, ಹಿಂದುಗಡೆ ಒಂದೇ ಬಟನ್. ಒಂದೇ ಬಟನ್ ಎಂದರೆ ಎಷ್ಟು ಸರಳ ನೋಡಿ ಎಂದು ನಾನು ಮನೆಯಲ್ಲಿ ಭಾಷಣ ಮಾಡಿದೆ. ಆ ಒಂದು ಬಟನ್ನಿನಲ್ಲಿ ಐದು ವಿದ್ಯೆಗಳಿದ್ದವು. ಒಮ್ಮೆ ಒತ್ತಿದರೆ ಪೂರ್ತಿ ಬೆಳಕು, ಇನ್ನೊಮ್ಮೆ ಅರ್ಧ, ಮತ್ತೊಮ್ಮೆ ಕಾಲು, ಮತ್ತೆ ಒತ್ತಿದರೆ ಮಿಣುಕು, ಐದನೆಯದು ಆಪತ್ತಿನ ಸಂಕೇತ. ಮೂರನೆಯ ಬೆಳಗ್ಗೆ ಮಾವ ಅದನ್ನು ಆರಿಸಲು ಹೋಗಿ ಒತ್ತುತ್ತಾ ಒತ್ತುತ್ತಾ ಐದನೆಯದರಲ್ಲಿ ನಿಂತರು. ಹೇಗೂ ಹೊತ್ತುತ್ತದಲ್ಲ ಎಂದು ಅದನ್ನು ಕಲ್ಲಿನ ಮೇಲಿಟ್ಟು ತಮ್ಮ ಪಾಡಿಗೆ ಕಸ ತೆಗೆಯುತ್ತಿದ್ದರು. ಎದುರು ಗುಡ್ಡದ ಮೂಸಾಕ ಬೆಳಗಿನ ನಮಾಜಿಗೆ ಹೊರಟಿದ್ದರು. ಇವರು ಇಪ್ಪತ್ತೈದು ವರ್ಷ ಹಡಗಿನಲ್ಲಿ ದುಡಿದು ಊರಿಗೆ ಬಂದವರು. ಮೂರು ಚಿಕ್ಕ ಮಿಂಚು, ಮೂರು ಉದ್ದ, ಮತ್ತೆ ಮೂರು ಚಿಕ್ಕದು ಎಂದರೇನೆಂದು ನಮ್ಮ ಊರಿನಲ್ಲಿ ಗೊತ್ತಿದ್ದ ಒಬ್ಬನೇ ಮನುಷ್ಯ. ಪಂಚೆ ಎತ್ತಿ ಕಟ್ಟಿ, ಗುಡ್ಡಗಳ ನಡುವೆ ಹರಿಯುವ ತೋಡು ದಾಟಿ, ಏದುಸಿರು ಬಿಡುತ್ತಾ ಓಡಿ ಬಂದು, "ಐತಪ್ಪಣ್ಣ, ಎಂತ ಆಯ್ತು?" ಎಂದು ಕೇಳಿದರಂತೆ. ಮಾವ ಕಾಲು ತೊಳೆಯುತ್ತಾ, "ಎಂತ ಇಲ್ಲ ಮಾರಾಯ, ನೀರು ಚೆಂದ ಬರ್ತಾ ಉಂಟು. ನಿನಗೆ ಎಂತ ಆಯ್ತು?" ಎಂದರಂತೆ. ಇಬ್ಬರೂ ಸೇರಿ ನಮ್ಮ ಜಗಲಿಯಲ್ಲಿ ಚಹಾ ಕುಡಿದರು. ಹಡಗಿನಲ್ಲಿ ಒಮ್ಮೆಯೂ ಕಾಣದ ಸಂಕೇತವನ್ನು ಎಣ್ಮಕಜೆಯಲ್ಲಿ ಕಂಡೆ ಎಂದು ಮೂಸಾಕ ನಗುತ್ತಾ ಇದ್ದರು, ನನ್ನ ಗಂಡ ನಗಲಿಲ್ಲ. ಆರ್ಡರ್ ಮತ್ತೆ ಜಾರಿಯಾಯಿತು.

ಎರಡನೆಯದು ಚಾರ್ಜಿನ ಟಾರ್ಚು. ಬಟನ್ ಒಂದೇ, ಬೆಳಕೂ ಒಂದೇ. ಈ ಸಲ ನಾನೇ ಹತ್ತು ಬಾರಿ ಒತ್ತಿ ನೋಡಿದ್ದೆ. ಶೆಲ್ ಹಾಕುವ ತಲೆಬಿಸಿಯೂ ಇಲ್ಲ ಎಂದು ಮಾವನಿಗೆ ವಿವರಿಸಿದೆ. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಬೆಳಕು ಮಂಕಾದಾಗ ಮಾವ ಯಾರಿಗೂ ತೊಂದರೆ ಕೊಡದೆ, ಅರುವತ್ತು ವರ್ಷದಿಂದ ಟಾರ್ಚಿಗೆ ಮಾಡುತ್ತಾ ಬಂದದ್ದನ್ನೇ ಮಾಡಿದರು. ಹಳೆಯ ಶೆಲ್ಲು ಬಿಸಿಲಿಗಿಟ್ಟರೆ ಇನ್ನೆರಡು ದಿನ ಬರುತ್ತದೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಾನು ಶಾಲೆಯಿಂದ ಬರುವಾಗ ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳದ ಸಾಲಿನ ಕೊನೆಗೆ ಟಾರ್ಚು ಮಲಗಿತ್ತು. ಹಪ್ಪಳ ಚೆನ್ನಾಗಿ ಒಣಗಿತ್ತು. ಟಾರ್ಚಿನ ಹೊಟ್ಟೆ ಉಬ್ಬಿತ್ತು. "ಬೆಳಗ್ಗಿಂದ ಇಟ್ಟಿದ್ದೇನೆ, ಈಗ ಒಳ್ಳೆ ಬೆಳಕು ಕೊಡಬಹುದು" ಎಂದರು ಮಾವ ಭರವಸೆಯಿಂದ. ಮೂರನೆಯದು ತಲೆಗೆ ಕಟ್ಟುವ ದೀಪ. ಅದನ್ನು ಕಟ್ಟಿಕೊಂಡು ಮಾವ ಮಾತಾಡಲು ತಿರುಗಿದ ಕಡೆಯೆಲ್ಲ ಎದುರಿನವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು. "ಬೆಳಕು ನನ್ನ ಕಾಲಿಗೆ ಬೇಕಾದ್ದು, ಇದು ನಿಮ್ಮ ಮುಖಕ್ಕೆ ಬೀಳ್ತದೆ" ಎಂದು ಅವರೇ ಬಿಚ್ಚಿ ಕೊಟ್ಟರು.

ಅಷ್ಟರಲ್ಲಿ ತಿಂಗಳು ಕಳೆದಿತ್ತು. ಜಗಲಿಯಲ್ಲಿ ಮತ್ತೆ ದಿನಾ ಒಂದು ಲೋಟ ಚಹಾ ತಣ್ಣಗಾಗುತ್ತಿತ್ತು. ನಾದಿನಿಗೂ ಸುದ್ದಿ ಮುಟ್ಟಿತ್ತು. ಅವಳು ಫೋನಿನಲ್ಲಿ "ಅಯ್ಯೋ ಪಾಪ ಅತ್ತಿಗೆ" ಎಂದಾಗ ಆ ಧ್ವನಿ ನನಗೆ ಚೆನ್ನಾಗಿ ಪರಿಚಯದ್ದೇ ಅನ್ನಿಸಿತು. ಶನಿವಾರ ಕುಂಬಳೆ ಪೇಟೆಗೆ ಹೊರಟು ನಿಂತೆ, ಈ ಸಲ ಕೈಯಲ್ಲಿ ಒಂದು ಚೀಟಿ; ಎಷ್ಟು ಬೆಳಕು, ಎಷ್ಟು ದೂರ, ಎಷ್ಟು ಹೊತ್ತು ಎಂದೆಲ್ಲ ಬರೆದುಕೊಂಡಿದ್ದೆ. ಮಾವ ಶರ್ಟು ಹಾಕಿಕೊಂಡು ಮೆಟ್ಟಿಲಿಳಿದರು. "ನಾನೂ ಬರ್ತೇನೆ. ಬಳಸುವವ ನಾನಲ್ವಾ?" ಎಂದರು. ಮೂರು ಟಾರ್ಚು ತರುವವರೆಗೆ ಈ ಮಾತು ನನಗೆ ಹೊಳೆದಿರಲಿಲ್ಲ ಎಂಬುದನ್ನು ಇಲ್ಲಿ ಮೆಲ್ಲಗೆ ಬರೆದಿಡುತ್ತೇನೆ.

ಅಂಗಡಿಯವರು ಗಾಜಿನ ಮೇಜಿನ ಮೇಲೆ ಎಂಟು ಹತ್ತು ಟಾರ್ಚು ಹರಡಿದರು. ನಾನು ಚೀಟಿ ಬಿಚ್ಚಿ ಡಬ್ಬಿಗಳ ಮೇಲಿನ ಬರಹ ಓದತೊಡಗಿದೆ. ಮಾವ ಕಣ್ಣು ಮುಚ್ಚಿಕೊಂಡರು. ತಲೆ ತಿರುಗಿತೋ ಎಂದು ನಾನು ಗಾಬರಿಯಾದೆ. "ಎಂತ ಇಲ್ಲ" ಎಂದರು, ಕಣ್ಣು ಬಿಡದೆ. "ಇದು ಬೇಕಾಗುದು ಕತ್ತಲೆಯಲ್ಲಿ. ಬೆಳಕಲ್ಲಿ ನೋಡಿ ತೆಗೆದ್ರೆ ಹೇಗೆ?" ಒಂದೊಂದನ್ನೇ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ತಡವಿದರು. ಗುಂಡಿ ಎಲ್ಲಿದೆ ಎಂದು ಬೆರಳಿಗೆ ತಾನಾಗಿ ಸಿಗದವನ್ನೆಲ್ಲ ಬದಿಗಿಟ್ಟರು. ಉಳಿದವನ್ನು ಮೇಜಿನ ಮೇಲೆ ಮಲಗಿಸಿ ಸಣ್ಣಗೆ ದೂಡಿದರು; ಉರುಳಿದವು ಹೋದವು. ಇಳಿಜಾರಿನಲ್ಲಿ ಕಸ ತೆಗೆಯಲು ಕೆಳಗಿಟ್ಟ ಟಾರ್ಚು ಉರುಳಿದರೆ ತೋಡಿಗೇ ಸೇರುತ್ತದೆ. ಕೊನೆಗೆ, "ಸ್ವಲ್ಪ ನೀರು ಉಂಟಾ?" ಎಂದು ಕೇಳಿದರು. ಅಂಗಡಿಯವರು ಕುಡಿಯಲಿಕ್ಕೆಂದು ಬಾಟಲಿ ಕೊಟ್ಟರೆ, ಮಾವ ಹೊರಗೆ ಹೋಗಿ ಎರಡೂ ಕೈ ಒದ್ದೆ ಮಾಡಿಕೊಂಡು ಬಂದು ಉಳಿದ ಎರಡು ಟಾರ್ಚನ್ನು ಹಿಡಿದು ನೋಡಿದರು. ಒಂದು ಜಾರಿತು. ಇನ್ನೊಂದು ಕೈಯಲ್ಲೇ ನಿಂತಿತು. ಎರಡು ಶೆಲ್ಲಿನದು, ಮೈಮೇಲೆ ಗೆರೆ ಗೆರೆ, ತಲೆ ಆರು ಮೂಲೆಯದ್ದು, ಮುಂದೆ ದೂಡಿದರೆ ಹೊತ್ತುವ, ಹಿಂದೆ ಎಳೆದರೆ ಆರುವ ಗುಂಡಿ. ಶೆಲ್ಲನ್ನು ಕೂಡ ಕಣ್ಣು ಮುಚ್ಚಿಯೇ ಹಾಕಿ ತೆಗೆದರು. "ಇಷ್ಟು ವರ್ಷ ಅಂಗಡಿ ಮಾಡಿದೆ, ಹೀಗೆ ಪರೀಕ್ಷೆ ಮಾಡಿದವರನ್ನು ನೋಡ್ಲಿಲ್ಲ" ಎಂದರು ಅಂಗಡಿಯವರು. ನಾನು ಚೀಟಿಯನ್ನು ಮಡಚಿ ಪರ್ಸಿನ ತಳಕ್ಕೆ ತಳ್ಳಿದೆ. ನಾಚಿಕೆಯಾಯಿತು, ನಿಜ, ಆದರೆ ಅದಕ್ಕಿಂತ ಜಾಸ್ತಿ ಹೆಮ್ಮೆಯಾಯಿತು. ಇವರು ನನ್ನ ಮಾವ ಎಂದು ಆ ಅಂಗಡಿಯವರಿಗೆ ಎರಡು ಸಲ ಹೇಳಿದೆ.

ಮರುದಿನ ಬೆಳಗ್ಗೆ ಆರ್ಡರ್ ರದ್ದಾಯಿತು. ಕತ್ತಲಲ್ಲಿ ಒಂದು ಬೆಳಕು ನೆಲಕ್ಕೇ ಅಂಟಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಹೋಗುವುದನ್ನು ನಾನೂ ಗಂಡನೂ ಅಡುಗೆಮನೆಯ ಕಿಟಕಿಯಿಂದ ನೋಡಿದೆವು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮಾರ್ಚಿನಲ್ಲಿ ನೀರು ಸಣ್ಣಗಾಯಿತು. ಒಳಗೆ ಮಣ್ಣು ಕುಸಿದಿರಬೇಕು, ಒಮ್ಮೆ ಹೋಗಿ ನೋಡಬೇಕೆಂದು ಮಾವ ಹೇಳಿದರು. ಗಂಡ ಆಫೀಸಿನಲ್ಲಿದ್ದರು, ನನಗೆ ರಜೆ. ಒಬ್ಬರನ್ನೇ ಬಿಡಲು ಮನಸ್ಸಾಗಲಿಲ್ಲ. "ನಾನು ಟಾರ್ಚ್ ಹಿಡಿದು ಮುಂದೆ ಹೋಗ್ತೇನೆ, ನೀವು ಹಿಂದಿನಿಂದ ಬನ್ನಿ" ಎಂದೆ. ಮಾವ ಸೊಂಟದಿಂದ ಮೇಣದಬತ್ತಿ, ಬೆಂಕಿಪೆಟ್ಟಿಗೆ ತೆಗೆದು ಹೊತ್ತಿಸಿಕೊಂಡರು. ನನಗೆ ನಗು ಬಂತು. "ಇಷ್ಟು ಒಳ್ಳೆ ಟಾರ್ಚ್ ಇರುವಾಗ ಆ ಕ್ಯಾಂಡಲ್ ಎಂತಕ್ಕೆ ಮಾವ?" ಎಂದೆ. "ಇರ್ಲಿ, ಅದರಷ್ಟಕ್ಕೆ" ಎಂದರು.

ಇಪ್ಪತ್ತು ಮೂವತ್ತು ಹೆಜ್ಜೆ ಬಗ್ಗಿಕೊಂಡು ಹೋದೆವು. ಕಾಲಡಿಗೆ ತಣ್ಣನೆಯ ನೀರು. ಟಾರ್ಚಿನ ಬೆಳಕಿನಲ್ಲಿ ಗೋಡೆಯ ಮೇಲೆ ಪಿಕ್ಕಾಸಿನ ಗುರುತು ಒಂದೊಂದೂ ಸ್ಪಷ್ಟ ಕಾಣುತ್ತಿತ್ತು. ಆ ಒಂದೊಂದು ಗುರುತೂ ಮಾವನ ಒಂದೊಂದು ಏಟು ಎಂದು ಯೋಚಿಸಿ ಒಂದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಇನ್ನೂ ಮುಂದೆ ಕುಸಿದ ಮಣ್ಣು ಕಂಡಿತು. ಅಲ್ಲಿಗೆ ಹೋಗೋಣವೆಂದು ಹೆಜ್ಜೆ ಎತ್ತಿದೆ. "ಸಾಕು. ತಿರುಗು" ಎಂದರು ಮಾವ. "ಇನ್ನು ಸ್ವಲ್ಪವೇ ಇರುದು ಮಾವ, ಚೆಂದ ಕಾಣ್ತದೆ" ಎಂದೆ. ಅವರು ನನ್ನ ಹೆಗಲಿಗೆ ಕೈಹಾಕಿ ತಿರುಗಿಸಿದರು. ಅವರ ಕೈಯ ಮೇಣದಬತ್ತಿಯ ಜ್ವಾಲೆ ಕುಗ್ಗಿ ಅಕ್ಕಿಕಾಳಿನಷ್ಟಾಗಿತ್ತು. ಹೊರಗೆ ಬಂದು ಕಲ್ಲಿನ ಮೇಲೆ ಕುಳಿತ ಮೇಲೆ ಮಾವ ಹೇಳಿದರು, "ನಿನ್ನ ಟಾರ್ಚಿಗೆ ಉಸಿರು ಬೇಡ ಮಗಾ. ನಮಗೆ ಬೇಕಲ್ಲ. ಕ್ಯಾಂಡಲ್ಲಿಗೂ ಬೇಕು, ಅದಕ್ಕೆ ಅದು ಮೊದಲೇ ಹೇಳ್ತದೆ."

ಉರಿಯುವ ಮೇಣದಬತ್ತಿಯ ಮೇಲೆ ಲೋಟ ಕವುಚಿ ಹಾಕಿ, ಅದು ಆರುವಾಗ "ಏಕೆ ಆರಿತು ಮಕ್ಕಳೇ?" ಎಂದು ಕೇಳುವ ಪ್ರಯೋಗವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಾ ಬಂದವಳು ನಾನು. ಉತ್ತರ ಹೇಳದವರನ್ನು ನಿಲ್ಲಿಸಿಯೂ ಇದ್ದೇನೆ. ಆ ಪ್ರಯೋಗದ ಒಳಗೇ ನಿಂತುಕೊಂಡು, ಇನ್ನು ಸ್ವಲ್ಪವೇ ಇರುವುದು ಎಂದು ಮುಂದೆ ಹೊರಟವಳೂ ನಾನೇ.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಹೊಸ ಆರ್ಡರ್ ಹೊರಡಿಸಿದರು: "ಇನ್ನು ಮುಂದೆ ಅಪ್ಪ ಜೊತೆಗಿಲ್ಲದೆ ಯಾರೂ ಸುರಂಗದ ಒಳಗೆ ಹೋಗ್ಲಿಕ್ಕಿಲ್ಲ." ಮಾವ ಕೇಳಿಸದವರ ಹಾಗೆ ಟಾರ್ಚನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು, ಆದರೆ ಬೆನ್ನು ಮೊದಲಿಗಿಂತ ನೆಟ್ಟಗಾಗಿತ್ತು. ಎರಡು ದಿನ ಸುರಂಗಕ್ಕೆ ಗಾಳಿ ಆಡಲು ಬಿಟ್ಟು, ಮತ್ತೆ ಕ್ಯಾಂಡಲ್ ಹಿಡಿದು ನೋಡಿ, ಮಗನನ್ನು ಒಳಗೆ ಕರೆದುಕೊಂಡು ಹೋಗಿ ಮಣ್ಣು ತೆಗೆಸಿದರು. ನೀರು ಮೊದಲಿನ ಹಾಗೆ ಬಂತು.

ಅದಾದ ಮೇಲೆ ಒಂದು ಭಾನುವಾರ ಮೂಸಾಕ ಬಂದಿದ್ದರು, ನಾದಿನಿಯೂ ಬಂದಿದ್ದಳು. ಮಾವ ಟಾರ್ಚನ್ನು ಒಳಗಿನಿಂದ ತಂದು ಮೂಸಾಕನ ಕೈಗೆ ಕೊಟ್ಟು, ಉರುಳುವುದಿಲ್ಲ, ಜಾರುವುದಿಲ್ಲ, ಕಣ್ಣು ಮುಚ್ಚಿಯೂ ಹೊತ್ತಿಸಬಹುದು ಎಂದು ಒಂದೊಂದಾಗಿ ತೋರಿಸಿದರು. "ಒಳ್ಳೆ ಟಾರ್ಚ್ ಐತಪ್ಪಣ್ಣ. ಯಾರು ತೆಗೆದದ್ದು?" ಎಂದು ಮೂಸಾಕ ಕೇಳಿದರು. "ನನ್ನ ಸೊಸೆ" ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. "ಸೈನ್ಸ್ ಟೀಚರ್ ಅಲ್ವಾ. ಅವಳು ನೋಡಿ ತೆಗೆದ್ರೆ ಮತ್ತೆ ಮಾತಿಲ್ಲ." ನಾದಿನಿ ನನ್ನ ಮುಖ ನೋಡಿದಳು. ನಾನು ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಇಪ್ಪತ್ತೆರಡು ವರ್ಷ ಕೆಂಪು ಪೆನ್ನು ಹಿಡಿದು ಯಾರ್ಯಾರದೋ ತಪ್ಪು ತಿದ್ದಿದ್ದೇನೆ. ಇದೊಂದನ್ನು ಹಾಗೆಯೇ ಬಿಟ್ಟು, ಎಲ್ಲರಿಗೂ ಚಹಾ ಕೊಟ್ಟೆ.