ರಂಗೋಲಿ ಹಾಕಿಸಿಕೊಂಡ ರಸ್ತೆ

ಇನ್ಸ್‌ಪೆಕ್ಷನ್ ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ವಡೋದರಾಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರ್ ನಾನು. ಎಂಥ ಸಿಡುಕುಮೂತಿಯ ಅಧಿಕಾರಿ ತಪಾಸಣೆಗೆ ಬಂದರೂ ನನ್ನ ಬ್ರಾಂಚಿನಿಂದ ನಗುತ್ತಲೇ ಹಿಂದಿರುಗಿದ್ದಾರೆ. ಗುಟ್ಟು ಇಷ್ಟೇ: ಹಿಂದಿನ ದಿನ ಧೂಳು ಹೊಡೆಸಬೇಕು, ಹೊಸ ಪರದೆ ಕಟ್ಟಿಸಬೇಕು, ಗೋಡೆ ಒದ್ದೆಯಾದಲ್ಲಿ ಬೀರು ಅಡ್ಡ ಇಡಿಸಬೇಕು. ಇಂಥ ವಿದ್ಯಾಪಾರಂಗತನಿಗೆ ಒಂದು ರಸ್ತೆ ಯಾವ ಲೆಕ್ಕ?

ಊರಾಚೆಯ ಹೊಸ ಬಡಾವಣೆಯಲ್ಲಿ ನಾವೊಂದು ಸೈಟು ಕೊಂಡಿದ್ದೆವು. ಕೊಂಡಿದ್ದು ನನ್ನ ಹೆಂಡತಿ ಗಿರಿಜಾಳ ಆಸೆಗೆ. ಈ ಊರಿನಲ್ಲಿ ಯಾರ ಮನೆಗೆ ಹೋದರೂ ಹಜಾರದಲ್ಲಿ ಹಿಂಚ್ಕೊ, ಅಂದರೆ ತೂಗುಮಂಚ, ಇರುತ್ತದೆ. ಅದರ ಮೇಲೆ ಒಮ್ಮೆ ಕೂತವಳು ಇಳಿಯಲು ಒಪ್ಪಲಿಲ್ಲ. ಆದರೆ ನಮ್ಮ ಬಾಡಿಗೆ ಮನೆಯ ಮಾಲೀಕರು ಸೂರಿಗೆ ಕೊಕ್ಕೆ ಹಾಕಲು ಬಿಡಬೇಕಲ್ಲ! ಮದುವೆಯಾದಾಗಿನಿಂದ ಊರೂರು ಅಲೆದು, ಪರರ ಗೋಡೆಗೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಕೇಳಿ ಸಾಕಾಗಿತ್ತು ಅವಳಿಗೆ.

"ನನ್ನ ಮನೆ, ನನ್ನ ಸೂರು, ನನ್ನ ಕೊಕ್ಕೆ. ಯಾರನ್ನೂ ಕೇಳಲ್ಲ ಕಣ್ರೀ," ಎಂದಿದ್ದಳು. ಅದನ್ನು ಕೇಳಿ ನನಗೆ ನಿಜಕ್ಕೂ ಕರುಳು ಚುರುಕ್ ಎಂದಿತ್ತು.

ತೊಡಕು ಒಂದೇ. ಬಡಾವಣೆಗೆ ಇದ್ದದ್ದು ಕಾಲುವೆಯ ಪಕ್ಕದ ಗಾಡಿದಾರಿ. ಅದರಲ್ಲಿ ಇಟ್ಟಿಗೆ ಲಾರಿ ಬರುವುದಿಲ್ಲ. ಲಾರಿ ಬಾರದೆ ಮನೆಯಿಲ್ಲ, ಮನೆಯಿಲ್ಲದೆ ಕೊಕ್ಕೆಯಿಲ್ಲ! ಪಕ್ಕದ ಸರ್ಕಾರಿ ಖಾಲಿ ಜಾಗದಲ್ಲಿ ಅಗಲವಾದ ರಸ್ತೆ ಕೊಡಿ ಎಂದು ಸೈಟಿನವರೆಲ್ಲ ಅರ್ಜಿ ಹಾಕಿದ್ದೆವು. ಸ್ಥಳ ನೋಡಲು ನಗರಾಭಿವೃದ್ಧಿ ಕಚೇರಿಯ ಅಧಿಕಾರಿಣಿ ಬರುವವರಿದ್ದರು.

"ಮ್ಯಾನೇಜರ್ ಸಾಹೇಬ್, ತಮೇ ಸಂಭಾಳೋ," ಎಂದು ಪಕ್ಕದ ಸೈಟಿನ ಬಟ್ಟೆ ವ್ಯಾಪಾರಿ ಪ್ರವೀಣ್‌ಭಾಯ್ ಹೊಣೆಯನ್ನೆಲ್ಲ ನನ್ನ ಹೆಗಲಿಗೆ ಹಾಕಿದರು.

ಸಂಭಾಳಿಸಿದೆ! ಹಿಂದಿನ ದಿನವೇ ಟ್ರ್ಯಾಕ್ಟರ್ ತರಿಸಿ ಗಾಡಿದಾರಿಯ ಜಾಲಿಪೊದೆ ಕಡಿಸಿದೆ. ಉಬ್ಬುತಗ್ಗು ಸಮ ಮಾಡಿಸಿದೆ. ದಾರಿಯ ನಡುವೆ ಒಂದು ಭಾರಿ ಗುಂಡಿ. ಅದರಲ್ಲಿ ಒಂದು ಎಮ್ಮೆ ಕಾಯಂ ನಿವಾಸಿ. ಎಮ್ಮೆಯನ್ನು ಎಬ್ಬಿಸಿ, ಗುಂಡಿಗೆ ಹುಲ್ಲು ತುಂಬಿಸಿ, ಮೇಲೆ ಮಣ್ಣು ಹರಡಿಸಿದೆ. ಬೆಳಗ್ಗೆ ಗಿರಿಜಾಳಿಂದ ದಾರಿಯ ಬಾಯಿಗೆ ರಂಗೋಲಿಯನ್ನೂ ಹಾಕಿಸಿದೆ.

"ಅಲ್ರೀ, ನಾವು ಕೇಳ್ತಿರೋದು ಹೊಸ ರಸ್ತೆ ತಾನೇ?"

"ಹೌದು."

"ಮತ್ತೆ ಹಳೇದನ್ನ ಯಾಕೆ ಮದುಮಗಳ ಥರ ಸಿಂಗರಿಸ್ತಿದೀರಿ?"

"ಇನ್ಸ್‌ಪೆಕ್ಷನ್ ವಿಷಯ ನಿನಗೇನು ಗೊತ್ತು? ಸುಮ್ನೆ ಚುಕ್ಕಿ ಇಡು."

ಮೇಡಂ ಜೀಪನ್ನು ಮುಖ್ಯರಸ್ತೆಯಲ್ಲೇ ಬಿಟ್ಟು, ರಂಗೋಲಿ ದಾಟಿ, ಕಾಲುವೆಯ ಅಂಚಿನ ನೆರಳಿನಲ್ಲಿ ನಡೆದು ಬಂದರು. ಚಹಾ ಕುಡಿದರು, ಕಡಲೆಹಿಟ್ಟಿನ ಗಾಠಿಯಾ ತಿಂದರು. "ಬಹುತ್ ಅಚ್ಛಾ ರಸ್ತಾ ಹೈ!" ಎಂದರು. ನನ್ನ ಎದೆ ಉಬ್ಬಿತು.

"ಇಷ್ಟು ಚೆನ್ನಾಗಿರುವಾಗ ಇನ್ನೊಂದು ಯಾಕೆ? ಅಗತ್ಯವಿಲ್ಲ ಅಂತ ಬರೀತೀನಿ."

ಎದೆ ಉಬ್ಬಿದಲ್ಲೇ ನಿಂತಿತು. ಗಿರಿಜಾ ನನ್ನತ್ತ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳ ಕಣ್ಣು ತುಂಬಿತ್ತು.

"ಮೇಡಂ, ಇದು ಹೀಗಿರಲಿಲ್ಲ! ಎಲ್ಲಾ ನಿನ್ನೆ ನಾನೇ ಮಾಡಿಸಿದ್ದು!" ಎಂದು ಬಾಯಿಬಿಟ್ಟೆ.

"ಅಂದರೆ, ಪರಿಶೀಲನೆಗೆ ಮೊದಲೇ ಸ್ಥಳವನ್ನ ಬದಲಾಯಿಸಿದ್ದೀರಿ?"

ಪ್ರವೀಣ್‌ಭಾಯ್ ಆಕಾಶ ನೋಡತೊಡಗಿದರು.

ಇನ್ನುಳಿದದ್ದು ಪ್ರಾತ್ಯಕ್ಷಿಕೆ. "ಎದುರಿಂದ ಇನ್ನೊಂದು ಕಾರು ಬಂದರೆ ಏನಾಗುತ್ತೆ, ನೀವೇ ನೋಡಿ ಮೇಡಂ!" ಎಂದು, ಹಿಂದಿನ ದಿನವೇ ಸೈಟಿಗೆ ತಂದು ನಿಲ್ಲಿಸಿದ್ದ ನನ್ನ ಕಾರು ಹತ್ತಿದೆ. ಪ್ರವೀಣ್‌ಭಾಯ್ ಮುಖ್ಯರಸ್ತೆಯ ಕಡೆಯಿಂದ ತಮ್ಮ ಕಾರು ತಂದರು. ಇಬ್ಬರೂ ಗಂಭೀರವಾಗಿ ಎದುರುಬದುರಾಗಿ ಹೊರಟೆವು. ಗಾಬರಿಯಲ್ಲಿ ನಾನೊಂದನ್ನು ಮರೆತಿದ್ದೆ. ಹುಲ್ಲು!

ದಡಕ್! ಕಾರು ಮುಂಗಾಲು ಮಡಿಚಿ ಕೂತಿತು.

ಅದೇ ಹೊತ್ತಿಗೆ ಎಮ್ಮೆಯ ಸ್ನಾನದ ಸಮಯವೂ ಆಗಬೇಕೆ! ಬಳಗ ಸಮೇತ ಬಂತು. ತನ್ನ ಗುಂಡಿಯಲ್ಲಿ ನಾನಿರುವುದನ್ನು ಕಿಟಕಿಯಿಂದ ಇಣುಕಿ ಖಾತ್ರಿ ಮಾಡಿಕೊಂಡು, ಅಲ್ಲೇ ನಿಂತುಬಿಟ್ಟಿತು. ಅದರ ಹಿಂದೆ ತರಕಾರಿ ಟೆಂಪೋ, ಹಾಲಿನವನ ಬೈಕು. ಮುಂದೆ ಪ್ರವೀಣ್‌ಭಾಯ್ ಬಿಡದೆ ಹಾರ್ನ್ ಹೊಡೆಯುತ್ತಿದ್ದರು. ಮೇಡಂ ತಮ್ಮ ಜೀಪಿಗೆ ಹಿಂದಿರುಗಲೂ ದಾರಿಯಿಲ್ಲದೆ ಕಾಲುವೆಯ ಏರಿ ಹತ್ತಿ ನಿಂತರು. ಬಿಸಿಲು ನೆತ್ತಿಗೇರಿತು.

ಕೊನೆಗೆ ಟ್ರ್ಯಾಕ್ಟರ್ ಬಂದು ನನ್ನನ್ನು ಎಳೆದು ಹಾಕುವಾಗ ಮೇಡಂ ಕೇಳಿದರು, "ದಿನಾ ಹೀಗೇನಾ?"

"ದಿನಾ ಎಮ್ಮೆ ಇರುತ್ತೆ ಮೇಡಂ. ಇವರು ಇವತ್ತೇ," ಎಂದಳು ಗಿರಿಜಾ.

ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಮಂಜೂರಾಯಿತು! ಖಾಲಿ ಜಾಗದ ಉದ್ದಕ್ಕೂ ಗೂಟ ಹೊಡೆದಿದ್ದಾರೆ. ಗಿರಿಜಾ ಹಿತ್ತಾಳೆಯ ಕೊಕ್ಕೆಗಳನ್ನು ಆಗಲೇ ತಂದು, ಆಗಾಗ ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ. ಬಂದವರಿಗೆಲ್ಲ ಹೇಳುತ್ತಾಳೆ: "ತಾನು ತೋಡಿದ ಗುಂಡಿಗೆ ತಾನೇ ಬಿದ್ದೋರು ಬೇಕಾದಷ್ಟು ಜನ ಇದಾರೆ. ತಾನು ಮುಚ್ಚಿದ ಗುಂಡಿಗೆ ಬಿದ್ದು ಮನೆ ಕಟ್ಟೋರು ನಮ್ಮನೆಯವರೊಬ್ರೇ!"

ಹೇಳಿಕೊಳ್ಳಲಿ. ನನ್ನ ದಾಖಲೆಯಂತೂ ಮುರಿದಿಲ್ಲ. ಆ ಮೇಡಂ ಕೂಡ ನಗುತ್ತಲೇ ಹಿಂದಿರುಗಿದರು. ಜೀಪು ಹೊರಟ ಮೇಲೂ ನಗು ಕೇಳಿಸುತ್ತಿತ್ತು!