ಎಡಕ್ಕೆ ಎಳೆಯುವ ಕಾರು

ನಮ್ಮ ಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಕಾರೇ ಅವರನ್ನು ಓಡಿಸುತ್ತಿತ್ತು! ಇದು ನನ್ನ ಆರೋಪವಲ್ಲ, ಏಳು ವರ್ಷದಿಂದ ಅವರೇ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ ಮಾತು.

ಮಾವ ಎಂದರೆ ಅಮ್ಮನ ತಮ್ಮ. ತಮ್ಮೂರು ಸಿರುಮುಗೈಯಲ್ಲಿ ನೇಯ್ದ ರೇಷ್ಮೆ ಸೀರೆಗಳನ್ನು ಕೊಯಮತ್ತೂರಿನ ಅಂಗಡಿಗಳಿಗೆ ಮುಟ್ಟಿಸುವುದು ಅವರ ಕಸುಬು. ಅದಕ್ಕೆಂದೇ ಪಲ್ಲಡಂನ ಬ್ರೋಕರನೊಬ್ಬನಿಂದ ಹಳೆಯ ಕಾರು ಕೊಂಡರು. ಡಾಕ್ಟರಮ್ಮನೊಬ್ಬರು ಓಡಿಸಿದ್ದು, ಮೈಮೇಲೆ ಒಂದು ಗೀರೂ ಇಲ್ಲ ಎಂದು ಅವನು ಆಣೆ ಮಾಡಿದನಂತೆ. ಮಾವ ಆ ಕಾರಿಗೆ ಜಾತಕ ಬರೆಸಿದರು! ಹುಟ್ಟಿದ ಗಳಿಗೆ ಯಾವುದೆಂದು ಜೋಯಿಸರು ಕೇಳಿದರೆ ಆರ್‌ಸಿ ಬುಕ್ಕನ್ನೇ ಮುಂದೆ ಹಿಡಿದರಂತೆ. ದೀರ್ಘಾಯುಸ್ಸು ಎಂದು ಬಂತು. ಪಾಪ, ಜೋಯಿಸರಾದರೂ ಏನು ಮಾಡಿಯಾರು?

ಕಾರು ಬಂದ ಮೂರನೆಯ ತಿಂಗಳಿಗೆ ಅಮ್ಮ ತೀರಿಕೊಂಡರು. ದೊಡ್ಡ ಆಸ್ಪತ್ರೆಗೆ ಸೇರಿಸಲು ತಡಮಾಡಿದಿರಿ ಎಂದು ಹದಿಮೂರನೆಯ ದಿನ ಮಾವ ಅಪ್ಪನ ಮೇಲೆ ಕೂಗಾಡಿದರು. "ಇನ್ ಈ ಮನೆ ವಾಸಲು ಮೆಟ್ಟಲ್ಲ!" ಎಂದು ಶಪಥ ಮಾಡಿ, ಹೊಸಿಲು ದಾಟಿ ಹೊರಟೇಹೋದರು.

ಮುಂದಿನ ಶುಕ್ರವಾರ ಪೆರಿಯನಾಯಕನಪಾಳ್ಯಂನ ನಮ್ಮ ಮನೆಯ ಗೇಟಿನ ಮುಂದೆ ಹಾರನ್! ಓಡಿಹೋಗಿ ನೋಡಿದರೆ ಮಾವ. ಮುದ್ದಿಗೆ ಮನೆಯವರೆಲ್ಲ ನನ್ನನ್ನು 'ಕಣ್ಣು' ಎನ್ನುತ್ತಾರೆ.

"ನಾ ಎಲ್ಲಿ ಬಂದೆ ಕಣ್ಣು? ಮೆಟ್ಟುಪಾಳ್ಯಂ ರೋಡಲ್ಲಿ ನೇರಾಗೇ ಹೋಯ್ತಿದ್ದೆ. ನಿಮ್ಮ ಬೀದಿ ಬಂದ್ರೆ ಸಾಕು, ಈ ವಂಡಿ ಎಡಕ್ಕೆ ಎಳೀತದೆ. ನಾನೇನ್ ಮಾಡ್ಲಿ, ಸೊಲ್ಲು!"

ಕಾರು ಎಳೆದು ತಂದರೆ ಶಪಥ ಮುರಿದಂತಾಗುವುದಿಲ್ಲವಲ್ಲ! ಆದರೆ ಇಳಿಯುವಂತೆಯೂ ಇಲ್ಲ. ಹಾಗಾಗಿ ಪ್ರತಿ ಶುಕ್ರವಾರ ಕಾರಿನ ಕಿಟಕಿಯಲ್ಲೇ ಕಾಫಿ. ಪೊಂಗಲ್ ದಿನ ಪಕ್ಕದ ಸೀಟಿನ ಮೇಲೆ ಬಾಳೆಎಲೆ ಹಾಸಿ ಊಟವನ್ನೇ ಬಡಿಸಿದ್ದೇನೆ, ಗೇರಿನ ಮೇಲೆ ರಸಂ ಚೆಲ್ಲಿದ್ದೇನೆ! ಅಪ್ಪ ಜಗಲಿಯಲ್ಲಿ ಪೇಪರ್ ಅಡ್ಡ ಹಿಡಿದು ಕೂತಿರುತ್ತಿದ್ದರು.

"ನಿಮ್ಮಪ್ಪ ಯಾಕೆ ಇಷ್ಟು ಬಡವಾಗವ್ರೆ? ನಾ ಕೇಳ್ದೆ ಅನ್ಬೇಡ."

ಜಗಲಿಗೆ ಬಂದರೆ ಪೇಪರಿನ ಹಿಂದಿನಿಂದ ಅಪ್ಪ, "ಕಾಫಿಗೆ ಸಕ್ಕರೆ ಹಾಕ್ಬಿಟ್ಯಾ? ಅವನ್ಗೆ ಸುಗರ್ ಇದೆ."

ಎರಡು ತಿಂಗಳ ಹಿಂದೆ ಮಾವ ಇನ್ಶೂರೆನ್ಸನ್ನು ಬೇರೆ ಕಂಪನಿಗೆ ಬದಲಿಸಲು ಹೋದರು. ಅಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ ಕಣ್ಣರಳಿಸಿದರಂತೆ. ಮಾವ ಕೊಳ್ಳುವುದಕ್ಕೆ ಮುಂಚೆಯೇ ಆ ಕಾರು ಅಪಘಾತದಲ್ಲಿ ನಜ್ಜುಗುಜ್ಜಾಗಿತ್ತು. ಇನ್ನು ರಿಪೇರಿಗೂ ಲಾಯಕ್ಕಿಲ್ಲ, ಟೋಟಲ್ ಲಾಸ್ ಎಂದು ಇನ್ಶೂರೆನ್ಸಿನವರು ಬರೆದು ಕೈತೊಳೆದುಕೊಂಡಿದ್ದರು. ಬ್ರೋಕರ್ ಅದನ್ನೇ ತಟ್ಟಿ, ಬಣ್ಣ ಬಳಿದು ಮಾರಿದ್ದ.

"ಅಂದ್ರೆ ಏಳು ವರ್ಷ ನಾನು ಸತ್ತ ವಂಡೀಲಿ ಕೂತು ಕಾಫಿ ಕುಡಿದ್ನಾ?" ಎಂದು ಮಾವ ಫೋನಿನಲ್ಲಿ ಅರಚಿದರು. ನಾನು ಬಿದ್ದುಬಿದ್ದು ನಕ್ಕೆ. ಅವರು ಕಾರನ್ನು ನಮ್ಮೂರಿನ ವರ್ಕ್‌ಶಾಪಿನಲ್ಲಿ ಬಿಟ್ಟು ಬಸ್ಸು ಹತ್ತಿದರು.

ಆಮೇಲೆ ನಗು ನಿಂತುಹೋಯಿತು, ಏಕೆಂದರೆ ಮಾವ ಬರಲೇ ಇಲ್ಲ. ಕರೆದರೆ "ವಂಡಿ ಇಲ್ವೇ ಕಣ್ಣು" ಎನ್ನುತ್ತಾರೆ. ಬಸ್ಸಿಲ್ಲವೇ? ಇದೆ. ಆದರೆ ಬಸ್ಸಿಳಿದು ನಡೆದರೆ ತಾವಾಗಿಯೇ ಬಂದಂತಾಗುತ್ತದಲ್ಲ! ಶುಕ್ರವಾರ ಸಂಜೆ ಗ್ಯಾಸಿನ ಗಾಡಿ ಹಾರನ್ ಹೊಡೆದರೂ ನಾನು ಗೇಟಿಗೆ ಓಡುತ್ತೇನೆ. ಅಪ್ಪ ಪೇಪರಿನ ಪುಟ ತಿರುಗಿಸುವುದನ್ನೇ ಮರೆಯುತ್ತಾರೆ. ಮಾವ ನಕ್ಕರೆ ಥೇಟ್ ಅಮ್ಮನೇ. ಆ ಮುಖ ನೋಡದೆ ಎರಡು ತಿಂಗಳಾಯಿತು, ನನಗೆ ತಡೆಯಲಾಗುತ್ತಿಲ್ಲ.

ಮೊನ್ನೆ ವರ್ಕ್‌ಶಾಪಿನ ಮೆಕ್ಯಾನಿಕ್ ದಾರಿಯಲ್ಲಿ ಸಿಕ್ಕ. "ಅಕ್ಕಾ, ಆ ಕಾರಿನ ಚಾಸಿ, ಅಡಿಯ ಚೌಕಟ್ಟೇ ಡೊಂಕಾಗಿದೆ. ಒಂದೇ ಸಮ ಬಲಕ್ಕೆ ಎಳೆಯುತ್ತದೆ" ಎಂದು ತಮಿಳಿನಲ್ಲಿ ಹೇಳಿದ.

"ಎಡಕ್ಕಲ್ಲವೇ?"

"ಎಡಕ್ಕಾ? ಎಡಕ್ಕೆ ತಿರುಗಿಸಬೇಕಾದರೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಮಲ್ಲಯುದ್ಧ ಮಾಡಬೇಕು! ಈ ವಯಸ್ಸಿನಲ್ಲಿ ಅವರು ಅದು ಹೇಗೆ ತಿರುಗಿಸುತ್ತಿದ್ದರೋ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಪೇಪರ್ ಮಡಿಸಿಟ್ಟು ಒಳಗೆ ಹೋಗಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದರು.

"ಸಿರುಮುಗೈಗೆ ಬಸ್ಸು ಎಷ್ಟೊತ್ಗೆ ಕಣ್ಣು?"