ಎಲ್ಲ ಶ್ರುತಿಗೂ ಒಂದೊಂದು ಪೀಪಿ

ಹೆಂಡತಿ ಹಾಡುತ್ತಾಳೆ ಎಂಬುದು ನನ್ನ ದೂರಲ್ಲ. ಹಾಡುವಾಗ ನನ್ನನ್ನು ಕಪಾಟು ನೋಡಿದಂತೆ ನೋಡುತ್ತಾಳೆ, ಅದು ನನ್ನ ದೂರು.

ಪ್ರತಿ ಭಾನುವಾರ ಸಂಜೆ ಐದಕ್ಕೆ ನಮ್ಮ ಹಾಲ್‌ನಲ್ಲಿ ಸಂಗೀತ ಕೂಟ. ಎದುರು ಮನೆಯ ಹಲ್ಲಿನ ಡಾಕ್ಟರು ಪಿಟೀಲು ತರುತ್ತಾರೆ. ಮೂಲೆ ಬೇಕರಿಯ ಯಜಮಾನರು ಹೊಟ್ಟೆಯ ಮೇಲೆ ಅಕಾರ್ಡಿಯನ್ ಹೊತ್ತು ತರುತ್ತಾರೆ. ನಾನು ಟೀ ತರುತ್ತೇನೆ. (ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ನನ್ನ ಟೀಗೆ ಅವಳು ‘ಚೆನ್ನಾಗಿದೆ’ ಎಂದದ್ದು ಒಂದೇ ಸಲ. ಅದೂ ಡಾಕ್ಟರು ಮಾಡಿದ್ದೆಂದು ತಿಳಿದು.) ವಾರದಲ್ಲಿ ನನ್ನವಳು ಬಾಯಿ ತುಂಬ ನಗುವುದು ಆ ಎರಡು ಗಂಟೆ ಮಾತ್ರ. ಆ ನಗು ಹೋಗಿ ಬೀಳುವ ಕಡೆ ನಾನು ಕೂತಿರುವುದಿಲ್ಲ.

ಹಾಗೆಂದು ನಾನೇನು ಸಾಮಾನ್ಯ ಪ್ರಾಣಿಯಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ನಾನು ಬೀದಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿ ನೆಟ್ಟಗೆ ನಿಲ್ಲುತ್ತವೆ. ಇಂಥವನು ಸ್ವಂತ ಹಾಲ್‌ನಲ್ಲಿ ಟ್ರೇ ಹಿಡಿದು ನಿಲ್ಲುವುದೆ? ಒಂದು ವಾದ್ಯ ಕಲಿತು ಆ ಕೂಟದಲ್ಲಿ ಕುರ್ಚಿ ಗಳಿಸಿಯೇ ಸಿದ್ಧ ಎಂದು ಭೀಷಣ ಸಂಕಲ್ಪ ಮಾಡಿದೆ.

ವಾದ್ಯದ ಅಂಗಡಿಯವನು ಗೇಣಿಗಿಂತ ತುಸು ಉದ್ದದ ತಗಡಿನ ಕೊಳವೆ ಕೊಟ್ಟ. ಆರು ತೂತು, ತುದಿಗೆ ಪ್ಲಾಸ್ಟಿಕ್ಕಿನ ಮೂತಿ.

“ಟಿನ್ ವಿಸಲ್ ಸಾರ್, ಡಿ ಶ್ರುತೀದು. ಎಲ್ಲರೂ ಮೊದಲು ತಗೊಳ್ಳೋದು ಇದನ್ನೇ. ಆದ್ರೆ ಇನ್ನೊಬ್ಬರ ಜೊತೆ ನುಡಿಸೋದಾದ್ರೆ ಅವರದ್ದು ಯಾವ ಶ್ರುತಿ ಅಂತ ಕೇಳ್ಕೊಂಡು ಬನ್ನಿ.”

ನಾನು ಕೇಳಲಿಲ್ಲ. ಅಧಿಕಾರಿಗಳು ಕೇಳುವುದಿಲ್ಲ, ತಪಾಸಣೆ ಮಾಡುತ್ತಾರೆ.

ಒಂದು ತಿಂಗಳು ಬಚ್ಚಲುಮನೆಯಲ್ಲಿ ಘೋರ ಸಾಧನೆ ನಡೆಯಿತು. ಆಮೇಲೊಂದು ಭಾನುವಾರ, ಮಡದಿ ಪಲ್ಲವಿ ಎತ್ತಿದ್ದೇ ತಡ, ನಾನೂ ಊದಿದೆ. ಎರಡು ಸಾಲು ದಾಟಿರಲಿಲ್ಲ.

“ರೀ, ನಿಲ್ಸಿ. ನಾವು ಸಿ ಶ್ರುತೀಲಿದೀವಿ, ನಿಮ್ಮ ಪೀಪಿ ಡಿ.”

“ಪೀಪಿಯಲ್ಲ, ವಿಸಲ್.”

“ಏನೋ ಒಂದು. ಟೀ ಕುದಿಯೋಕಿಡಿ.”

ಡಾಕ್ಟರು ಅರಿವಳಿಕೆ ಚುಚ್ಚುವ ಮೆದು ದನಿಯಲ್ಲಿ ಸಮಾಧಾನ ಹೇಳಿದರು. “ನಿಮ್ಮ ತಪ್ಪಲ್ಲ ಸಾರ್. ನಾವಾದ್ರೆ ಶ್ರುತಿ ಹೆಚ್ಚುಕಮ್ಮಿ ಮಾಡ್ಕೋತೀವಿ. ನಿಮ್ಮ ವಾದ್ಯ ಹುಟ್ಟಿದ ಶ್ರುತಿ ಬಿಟ್ಟು ಕದಲಲ್ಲ.”

ನಿಮ್ಮ ತಪ್ಪಲ್ಲ! ನನ್ನ ಮನೆಯ ಗೋಡೆಗಳು ಆ ಮಾತನ್ನು ಅಂದೇ ಮೊದಲು ಕೇಳಿದ್ದು.

ಮರುದಿನವೇ ಸಿ ಶ್ರುತಿಯದು ತಂದೆ. ಭಾನುವಾರ ಬಂತು. ಇವಳಿಗೆ ಗಂಟಲು ಕೆಟ್ಟಿತ್ತಂತೆ, ಕೂಟ ಬಿ ಫ್ಲ್ಯಾಟ್‌ಗೆ ಇಳಿದಿತ್ತು. ನಾನೂ ಬಿ ಫ್ಲ್ಯಾಟ್‌ಗೆ ಇಳಿದೆ. ಅಷ್ಟರಲ್ಲಿ ಗಂಟಲು ಗುಣವಾಗಿ ಕೂಟ ಇ ಫ್ಲ್ಯಾಟ್‌ಗೆ ಏರಿತು. ಬೆನ್ನಟ್ಟಿದೆ. ಜಿ ಶ್ರುತಿಯದು ಪೆನ್ಸಿಲ್ಲಿನಷ್ಟು ಚಿಕ್ಕದು, ಊದಿದರೆ ಬೀದಿಯ ನಾಯಿಗಳು ಮಾತ್ರ ಮೆಚ್ಚಿ ಉತ್ತರಿಸಿದವು. ಎ ಶ್ರುತಿಯದು ಮಂದ್ರದ್ದು. ಅದರ ತೂತುಗಳನ್ನು ಮುಚ್ಚಲು ಬೆರಳುಗಳನ್ನು ಏಡಿಯಂತೆ ಅಗಲಿಸಿ, ಮೂರು ದಿನ ಫೈಲಿಗೆ ಸಹಿ ಹಾಕಲಾಗಲಿಲ್ಲ. ಪ್ರತಿ ವಾರವೂ ಅದೇ ಸಾಂತ್ವನ: ನಿಮ್ಮ ತಪ್ಪಲ್ಲ, ಶ್ರುತಿಯದು. ನನ್ನೊಳಗಿನ ಇನ್‌ಸ್ಪೆಕ್ಟರ್ ಎಚ್ಚೆತ್ತ. ಸಮಸ್ಯೆ ಅಳತೆಯದಾದರೆ ಎಲ್ಲ ಅಳತೆಯದೂ ನನ್ನಲ್ಲಿರಬೇಕು!

ಎಫ್ ಶ್ರುತಿಯದನ್ನೂ ಸೇರಿಸಿಕೊಂಡೆ. ಹಳೆಯ ಪ್ಯಾಂಟು ಕತ್ತರಿಸಿ, ಏಳು ಜೇಬಿನ ಚೀಲ ಹೊಲಿದೆ. ಒಂದೊಂದು ವಿಸಲ್ಲಿಗೂ ‘ಪರಿಶೀಲಿಸಲಾಗಿದೆ’ ಎಂಬ ಚೀಟಿ ಅಂಟಿಸಿ, ಆ ಭಾನುವಾರ ಚೀಲ ಬಿಚ್ಚಿ ಕುರ್ಚಿ ಎಳೆದುಕೊಂಡು ಕೂತೆ.

“ಇವತ್ತು ಯಾವ ಶ್ರುತಿ?”

ಹೆಂಡತಿ ಡಾಕ್ಟರ ಮುಖ ನೋಡಿದಳು. “ಎಫ್?”

ಎಳೆದೆ.

“ಅಯ್ಯೋ, ಗಂಟಲು ಯಾಕೋ... ಇ ಫ್ಲ್ಯಾಟ್ ಇರ್ಲಿ.”

ಎಳೆದೆ.

“ಎ ಆದ್ರೆ ಹೇಗಕ್ಕಾ?” ಎಂದರು ಡಾಕ್ಟರು, ಮೆಲ್ಲಗೆ.

“ಇದೆ!”

“ಇವರ ಹತ್ರ ಎಲ್ಲಾ ಇದೆಯಲ್ಲಮ್ಮಾ,” ಎಂದರು ಬೇಕರಿಯವರು. ಅವರ ಅಂಗಡಿಯ ತಕ್ಕಡಿಗೆ ನಾನು ಕೈ ಹಾಕಿದಾಗ ಬಂದಿದ್ದ ದನಿ ಅದೇ.

ಬೇರೆ ದಾರಿಯಿರಲಿಲ್ಲ. ನುಡಿಸಿದೆವು. ಇಡೀ ಒಂದು ಹಾಡು, ನಾಲ್ಕು ಚರಣ, ನಾನೂ ಅವರೂ ಒಂದೇ ಶ್ರುತಿಯಲ್ಲಿ! ಕಣ್ಣು ಮುಚ್ಚಿ ಊದಿದ್ದೆ. ತೆರೆದಾಗ ಬೇಕರಿಯವರು ಅಕಾರ್ಡಿಯನ್ ಡಬ್ಬಿಗೆ ತುಂಬುತ್ತಿದ್ದರು. ಒಲೆಯಲ್ಲಿ ಬ್ರೆಡ್ ಬಿಟ್ಟು ಬಂದಿದ್ದರಂತೆ. ಡಾಕ್ಟರಿಗೆ ಯಾರದೋ ದವಡೆ ಹಲ್ಲು ನೆನಪಾಯಿತು.

“ಹೇಗಿತ್ತೇ?” ಎಂದೆ, ಇಬ್ಬರೇ ಉಳಿದ ಮೇಲೆ.

“ಕೊನೇ ಚರಣ ನಾವು ಮುಗಿಸಿದ್ಮೇಲೂ ನೀವು ಊದ್ತಾನೇ ಇದ್ರಿ.”

“ನೀವು ಅವಸರ ಮಾಡಿದಿರಿ.”

“ಮೂರು ಜನಾನೂ ಒಟ್ಟಿಗೆ ಅವಸರ ಮಾಡಿದ್ವಾ?” ಅವಳು ನಾನು ತುಂಬಿಟ್ಟ ಟೀ ಲೋಟಗಳನ್ನು ಹಾಗೇ ಎತ್ತಿಕೊಂಡಳು. “ನಿಮಗೆ ತಾಳ ಇಲ್ಲ ರೀ. ಬಚ್ಚಲುಮನೇಲಿ ಊದಿದ ಮೊದಲ ದಿನಾನೇ ಗೊತ್ತಾಯ್ತು. ಹೇಳಿದ್ರೆ ನೊಂದ್ಕೋತೀರ ಅಂತ ಎಲ್ಲ ಶ್ರುತಿ ಮೇಲೆ ಹಾಕಿದ್ವಿ. ಒಂದು ಬಿಟ್ಟು ಇನ್ನೊಂದಕ್ಕೆ ಓಡಿದ್ವಿ. ಹೋದಲ್ಲೆಲ್ಲ ಬಂದ್ರಿ. ಇನ್ನು ಎಲ್ಲಿಗೆ ಓಡೋಣ ಹೇಳಿ?”

“ನಿನ್ನ ಜೊತೆ ಕೂರಬೇಕು ಅಂತ ತಾನೇ ಇಷ್ಟೆಲ್ಲ...”

“ವಾರದಲ್ಲಿ ನನಗೆ ಅಂತ ಇರೋದು ಆ ಎರಡೇ ಗಂಟೆ ರೀ.”

ಕೋಪದಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ನಿಧಾನವಾಗಿ, ಸರಿಯಾದ ತಾಳದಲ್ಲಿ ಹೇಳಿದಳು.

ಮುಂದಿನ ಭಾನುವಾರದಿಂದ ಕೂಟ ಡಾಕ್ಟರ ಮನೆಗೆ ಹೋಯಿತು. ನಾಲ್ಕೂ ಮುಕ್ಕಾಲಿಗೆ ಇವಳು ತಲೆ ಬಾಚಿಕೊಂಡು ರಸ್ತೆ ದಾಟುತ್ತಾಳೆ. ಐದಕ್ಕೆ ಅಲ್ಲಿ ಪಲ್ಲವಿ ಏಳುತ್ತದೆ, ಆರರ ಹೊತ್ತಿಗೆ ನಗು. ಕಿಟಕಿ ತೆರೆದಿಟ್ಟರೆ ಎರಡೂ ಚೆನ್ನಾಗಿ ಕೇಳುತ್ತವೆ.

ಈಗ ನಮ್ಮ ಹಾಲ್‌ನಲ್ಲಿ ನಾಲ್ಕು ಕುರ್ಚಿ ಖಾಲಿ. ಯಾವುದರಲ್ಲಿ ಬೇಕಾದರೂ ಕೂರಬಹುದು, ಯಾವ ಶ್ರುತಿಯಲ್ಲಿ ಬೇಕಾದರೂ ಊದಬಹುದು. ನಾನು ಕಿಟಕಿಯ ಪಕ್ಕದ್ದನ್ನು ಆರಿಸಿಕೊಂಡಿದ್ದೇನೆ. ಊದುವುದಿಲ್ಲ. ಊದಿದರೆ ಅವರು ಡಾಕ್ಟರ ಮನೆಯ ಹಿತ್ತಿಲ ಕೋಣೆಗೆ ಹೋಗಿಬಿಡುತ್ತಾರೆ.